ನೀಲಕ್ಕ ಬದಲಿಸಿದ ಸಾಲು

೧೯೮೭ರಲ್ಲಿ, ಒಂಬತ್ತನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಓದು ತಲೆಗೆ ಹತ್ತಲಿಲ್ಲ ಎಂದು ಕೆಲವರು ಆಡಿಕೊಂಡರು. ಕೆಲಸ ಕೈಗೆ ಹತ್ತಿತ್ತು ಎಂಬುದು ನನ್ನ ಉತ್ತರ. ಐದಾರು ವರ್ಷ ಕಳೆಯುವುದರೊಳಗೆ ತೆಲುಗು ಸೀಮೆಯ ಕುಷಾಯಿಗೂಡದಲ್ಲಿ ನನ್ನದೇ ಮೈಕ್ ಸೆಟ್ ಅಂಗಡಿಯಿತ್ತು. ಲಗ್ನವಾಗಲಿ, ಗಣಪತಿಯಾಗಲಿ, ನಮ್ಮ ಕಡೆಯ ನಾಲ್ಕು ಮಂದಿ ಸೇರಿದಲ್ಲೆಲ್ಲ ಸ್ಪೀಕರ್ ನನ್ನದೇ. ಮನುಷ್ಯರ ದನಿ ದೊಡ್ಡದು ಮಾಡುವುದು ನನ್ನ ಕಸುಬು. ಆ ಕಸುಬಿನ ಹಂಗಿಲ್ಲದ ದನಿ ನಮ್ಮ ಮಂದಿಯಲ್ಲಿ ಒಂದೇ ಇತ್ತು. ಅದು ನೀಲಕ್ಕನದು.

ನೀಲಕ್ಕ ಬಾಗಲಕೋಟೆ ಕಡೆಯವರು. ಗಂಡ ಮಲ್ಲಪ್ಪನವರು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಫಿಟ್ಟರ್. ಕನ್ನಡದವರ ಯಾವ ಲಗ್ನವಿದ್ದರೂ ಹೆಂಗಸರ ಹಾಡಿಗೆ ನೀಲಕ್ಕನೇ ಮುಂದು. ನಾನು ಮೈಕು ಹಿಡಿದು ಹೋದರೆ ಅಂಗೈಯಿಂದ ಅದರ ಬಾಯಿ ಮುಚ್ಚಿ ಪಕ್ಕಕ್ಕೆ ಸರಿಸುತ್ತಿದ್ದರು. "ಒಯ್ಯೋ ತಮ್ಮಾ, ಇದನ್ನ ಗಂಟಲಿಲ್ಲದವರಿಗೆ ಕೊಡು." ಮಲ್ಲಪ್ಪನವರು ಹಿಂದಿನ ಸಾಲಿನಿಂದ ನಗುತ್ತಿದ್ದರು. "ನಮ್ಮ ಮನ್ಯಾಗ ಇಪ್ಪತ್ತು ವರ್ಷದಿಂದ ಲೌಡ್‌ಸ್ಪೀಕರ್ ಐತೆಪ್ಪ ಬಸು. ನಿಂದು ಬ್ಯಾಡ."

ನಾನು ನೀಲಕ್ಕನನ್ನು ಮೊದಲು ಸರಿಯಾಗಿ ಕಂಡದ್ದು ಗಣಪತಿ ಹಬ್ಬದ ಸಿನಿಮಾದಲ್ಲಿ. ಕಾಲೊನಿ ಮೈದಾನದಲ್ಲಿ ಬಿಳಿ ಪರದೆ ಕಟ್ಟಿದ್ದರು. ಸಿನಿಮಾದಲ್ಲಿ ನಾಯಕ ಹೆಂಡತಿಯ ಕೆನ್ನೆಗೆ ಬಾರಿಸಿದ. ಅವಳು ಅವನ ಕಾಲು ಹಿಡಿದಳು. ಮೈದಾನದ ತುಂಬ ಸಿಳ್ಳೆ, ಚಪ್ಪಾಳೆ. ಆಗ ಪರದೆಯ ಮೇಲೆ ದೊಡ್ಡದೊಂದು ನೆರಳು ಎದ್ದಿತು. ತಲೆಯ ಮೇಲೆ ಸೆರಗು, ಸೊಂಟದ ಮೇಲೆ ಕೈ. ನಾಯಕ ಪೂರ್ತಿ ಮುಚ್ಚಿಹೋದ. ನೀಲಕ್ಕ ಯಂತ್ರದ ಬೆಳಕಿಗೆ ಅಡ್ಡ ನಿಂತಿದ್ದರು.

"ಯಾರ್ಯಾರು ಚಪ್ಪಾಳಿ ಹೊಡದ್ರಿ? ಎದ್ದು ನಿಂದರ್ರಿ. ನಿಮ್ಮ ಹೇಣ್ತೇರು ಮಾರಿ ನೋಡ್ಲಿ."

ಒಬ್ಬರೂ ಏಳಲಿಲ್ಲ. ಮಲ್ಲಪ್ಪನವರು ಮೆಲ್ಲಗೆ, "ಕುಂದ್ರ ಮಾರಾಯ್ತಿ, ಟಿಕೀಟಿಲ್ಲದ ಸಿನಿಮಾ" ಅಂದರು.

"ಟಿಕೀಟಿಲ್ಲ ಅಂತ ಬುದ್ಧಿನೂ ಇರಬಾರದೇನ್ರಿ?"

ಮರುದಿನ ತಂತಿ ಸುತ್ತುತ್ತಿದ್ದ ನನ್ನ ಬಳಿ ನಿಂತು ಅಂದರು: "ಸಿನಿಮಾದವರು ಆ ಏಟು ಎಲ್ಲಿಂದ ತರ್ತಾರ? ನಮ್ಮ ಮನ್ಯಾಗಿಂದನ ಒಯ್ದು ನಮಗ ತೋರಸ್ತಾರ. ನಾವು ಚಪ್ಪಾಳಿ ಹೊಡದ್ವಿ ಅಂದ್ರ ಅದು ಸೊಕ್ಕಿ ತಿರುಗಿ ನಮ್ಮ ಮನಿಗೇ ಬರ್ತೈತಿ."

ನಾನು ಶಾಲೆ ಬಿಟ್ಟ ಸಂಗತಿಯನ್ನು ಎದೆಯುಬ್ಬಿಸಿ ಹೇಳಿದಾಗಲೂ ಅವರು ಬಿಡಲಿಲ್ಲ. "ಸಾಲಿ ಬಿಟ್ಟಿ, ಚಲೋ ಆತು. ಓದೋದು ಯಾಕ ಬಿಟ್ಟಿ?" ಎಂದು ಕನ್ನಡ ಸಂಘದ ಕಪಾಟಿನಿಂದ ಕಾದಂಬರಿ ತಂದು ಕೈಗಿಡುತ್ತಿದ್ದರು. ಅಕ್ಷತೆ ಬಿದ್ದ ಮೇಲೆ ಊಟದ ಪಂಕ್ತಿ ಏಳುವ ತನಕ ಆಂಪ್ಲಿಫೈಯರ್ ಪಕ್ಕ ಕೂತು ನಾನು ಅವನ್ನು ಓದುತ್ತಿದ್ದೆ. ತಿರುಗಿ ಕೊಡುವಾಗ ಕಥೆ ಹೇಗಿದೆ ಎಂದು ಅವರು ಕೇಳುತ್ತಿರಲಿಲ್ಲ. "ಅದರಾಗ ಅಡಿಗಿ ಯಾರು ಮಾಡ್ತಾರ? ಅಕಿ ಯಾವಾಗ ಉಣ್ತಾಳ, ಬರದಾರೇನು?" ಎಂದು ಕೇಳುತ್ತಿದ್ದರು. ಅದನ್ನು ಯಾರೂ ಬರೆದಿರುತ್ತಿರಲಿಲ್ಲ. ಇವತ್ತಿಗೂ ಯಾವ ಪುಸ್ತಕ ಹಿಡಿದರೂ ನಾನು ಆ ಊಟ ಹುಡುಕುತ್ತೇನೆ.

ಇಷ್ಟು ಖಡಕ್ ಇದ್ದ ನೀಲಕ್ಕ ಒಂದು ಹಾಡನ್ನು ಮಾತ್ರ ಎಲ್ಲರಂತೆಯೇ ಹಾಡುತ್ತಿದ್ದರು. ನಮ್ಮಲ್ಲಿ ಲಗ್ನ ಮುಗಿದ ಮೇಲೆ ಹೆಣ್ಣು ಒಪ್ಪಿಸುವ ಹಾಡಿರುತ್ತದೆ. ಮಗಳ ಕೈಯನ್ನು ಬೀಗರ ಕೈಯಲ್ಲಿಟ್ಟು, ಹೆಣ್ಣಿನ ಕಡೆಯ ಹೆಂಗಸರು ಹಾಡಿ ಬೇಡಿಕೊಳ್ಳುವುದು. ಅವರ ತಾಯಿಯಿಂದ ಬಂದ ಹಾಡಿನಲ್ಲಿ ಹೀಗೊಂದು ಸಾಲಿತ್ತು:

ತಪ್ಪ ಮಾಡಿದರ ಬಡದು ಬೈದು
ಒಪ್ಪ ಮಾಡಿ ಇಟಗೊಳ್ಳಿರಿ.

ಇದೇ ಸಾಲನ್ನು ತಮ್ಮ ಒಬ್ಬಳೇ ಮಗಳು ಶಶಿಕಲಾಳ ಲಗ್ನದಲ್ಲೂ ಹಾಡಿದರು. ಕಣ್ಣೀರು ಒರೆಸಿಕೊಳ್ಳುತ್ತ ಸ್ಪೀಕರ್ ಇಳಿಸಿದವನು ನಾನೇ. ವರ್ಷ ತುಂಬುವ ಮೊದಲು ಶಶಿಕಲಾ ಮುರಿದ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಂಡು ರಾಯಚೂರಿನ ಗಂಡನ ಮನೆಯಿಂದ ತವರಿಗೆ ಬಂದಳು. ಎರಡೂ ಕಡೆಯ ಹಿರಿಯರು ನೀಲಕ್ಕನ ಮನೆಯಲ್ಲಿ ಕೂತು ಮಾತಾಡಿದರು. ಮಲ್ಲಪ್ಪನವರ ಜೊತೆ ನಾನೂ ಇದ್ದೆ. ಶಶಿಕಲಾಳ ಅತ್ತೆಗೆ ಕೋಪವೇನೂ ಇರಲಿಲ್ಲ, ತಣ್ಣಗೆ ಹೇಳಿದಳು: "ನೀವ ಹಾಡಿ ಕೊಟ್ಟೀರಲ್ರಿ ನೀಲಕ್ಕಾರ, ಬಡೀರಿ ಅಂತ. ಮಂದಿ ಎಲ್ಲಾ ಕೇಳ್ಯಾರ."

ನೀಲಕ್ಕ ಎದ್ದರು. ಮಗಳ ಟ್ರಂಕು ಎತ್ತಿಕೊಂಡು ಒಳಗಿಟ್ಟರು. ಶಶಿಕಲಾ ತಿರುಗಿ ಹೋಗಲಿಲ್ಲ.

ಆಮೇಲೆ ನೀಲಕ್ಕ ಕೆಲವು ತಿಂಗಳು ಯಾವ ಲಗ್ನಕ್ಕೂ ಬರಲಿಲ್ಲ. ಹಾಡು ಬಿಟ್ಟರು ಎಂದೇ ಎಲ್ಲರೂ ತಿಳಿದೆವು. ಒಂದು ಮಧ್ಯಾಹ್ನ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, "ಕೇಳಿಲ್ಲಿ" ಎಂದು ಅದೇ ಹಾಡು ಎತ್ತಿದರು. ಧಾಟಿ ಅದೇ, ಸಾಲು ಬೇರೆ:

ತಪ್ಪ ಮಾಡಿದರ ಕೂತು ತಿಳಿಹೇಳ್ರಿ,
ಕೈಯೆತ್ತಿದರ ನಾವು ಬರತೇವ.

"ನಡೀತೈತೇನು?"

"ಹಾಡು ನಡೀತೈತಿ ನೀಲಕ್ಕ. ಬೀಗರು ನಡಸ್ತಾರೋ ಇಲ್ಲೋ."

"ಬೀಗರನ್ನ ಕೇಳಿ ನನ್ನವ್ವ ಹಾಡಿದ್ದಿಲ್ಲ. ನಾನೂ ಕೇಳಾಂಗಿಲ್ಲ. ಆ ಹಳೇ ಸಾಲು ಇನ್ನ ನನ್ನ ಬಾಯಾಗ ಬರಾಂಗಿಲ್ಲ. ಇನ್ನೊಬ್ಬರ ಬಾಯಾಗಿಂದನೂ ಬಿಡಸ್ತೀನಿ."

ಮೊದಲು ಹಾಡಿದ್ದು ಅವರ ಓಣಿಯದೇ ಹುಡುಗಿಯ ಲಗ್ನದಲ್ಲಿ. ಗಂಡಿನ ಕಡೆಯವರು ಬೇಗಂ ಬಜಾರಿನ ಕಿರಾಣಿ ಸಗಟು ವ್ಯಾಪಾರಿಗಳು, ದೊಡ್ಡ ಮಂದಿ. ಹೊಸ ಸಾಲು ಕಿವಿಗೆ ಬಿದ್ದದ್ದೇ ವರನ ದೊಡ್ಡಪ್ಪ ಎದ್ದು ನಿಂತ.

"ಇದೇನ್ರಿ ಅಕ್ಕಾರ, ಹೆಣ್ಣು ಒಪ್ಪಸಾಕತ್ತೀರೋ, ಧಮಕಿ ಕೊಡಾಕತ್ತೀರೋ? ಹಳೇದು ಹಾಡ್ರಿ."

"ಹಳೇದು ನನ್ನ ಮಗಳ ಜೊತಿ ಮುಗದೈತ್ರಿ."

ಹುಡುಗಿಯ ಅಪ್ಪ ಓಡಿ ಬಂದು ಕೈ ಮುಗಿದ. "ನೀಲಕ್ಕ, ಒಂದ ಸಾಲಲ್ಲೇನು, ಹಾಡಿಬಿಡ. ಇದರಾಗ ನನ್ನ ಮಗಳ ಬಾಳೇ ಐತಿ."

"ಅದಕ್ಕ ಹಾಡಾಂಗಿಲ್ಲಪ್ಪ."

ಅವರು ಮತ್ತೆ ಮೊದಲಿನಿಂದ ಎತ್ತಿದರು. ದೊಡ್ಡಪ್ಪ ನನ್ನ ಕಡೆ ತಿರುಗಿದ. "ಅರೆ ಮೈಕ್‌ವಾಲೇ, ಸಿನಿಮಾ ಕ್ಯಾಸೆಟ್ ಲಗಾವ್! ಫುಲ್ ಸೌಂಡ್! ಈಕಿ ದನಿ ಕೇಳಬಾರದು."

ಆ ಹಾಲ್‌ನಲ್ಲಿ ನೀಲಕ್ಕನ ದನಿ ಮುಳುಗಿಸುವ ತಾಕತ್ತು ಇದ್ದದ್ದು ನನ್ನ ಸ್ಪೀಕರಿಗೆ ಮಾತ್ರ. ನಾನು ಎದ್ದು ಹೋಗಿ ಗೋಡೆಯಿಂದ ಪ್ಲಗ್ ಕಿತ್ತು, ತಂತಿ ಕೈಗೆ ಸುತ್ತಿಕೊಂಡು ನಿಂತೆ.

"ಕ್ಯಾ ಹುವಾ? ಕರೆಂಟ್ ಹೋತೇನು?"

"ಇಲ್ರಿ. ನಾನ ತಗದೀನಿ."

ನೀಲಕ್ಕ ನಿಲ್ಲಿಸದೆ ಹಾಡಿದರು. ಜೊತೆಯ ಹೆಂಗಸರು ಮೊದಲು ಗಲಿಬಿಲಿಗೊಂಡು ಸುಮ್ಮನಿದ್ದವರು, ಒಬ್ಬೊಬ್ಬರಾಗಿ ಸೇರಿಕೊಂಡರು. ಹಾಡು ಮುಗಿಯಿತು. ಹುಡುಗಿಯ ಕೈ ಹಾಗೇ ಚಾಚಿಕೊಂಡಿತ್ತು, ಹಿಡಿಯುವವರಿಲ್ಲ. ದೊಡ್ಡಪ್ಪ ಚಪ್ಪಲಿ ಹುಡುಕತೊಡಗಿದ. ಅಲ್ಲಿಯವರೆಗೆ ಸೆರಗು ಹೊದ್ದು ಒಂದು ಮಾತೂ ಆಡದಿದ್ದ ವರನ ತಾಯಿ ಎದ್ದು ಬಂದು ಆ ಕೈ ಹಿಡಿದರು.

"ನನಗ ಹಾಡಿದ್ದು ಹಳೇದ್ರಿ ಭಾವಾರ. ಸಾಕದು."

ಬೇಗಂ ಬಜಾರಿನವರು ಮುಂದೆ ನನ್ನನ್ನು ಕರೆಯಲಿಲ್ಲ. ಕರೆಯದಿದ್ದರೆ ಬಿಡಲಿ. ಪ್ಲಗ್ ಕಿತ್ತದ್ದು ನನ್ನ ಕೈ, ಆ ಕೈಯ ಮೇಲೆ ನನಗೆ ಇವತ್ತಿಗೂ ಅಭಿಮಾನವಿದೆ. ನೀಲಕ್ಕ ಮಾತ್ರ ಸುಮ್ಮನೆ ಕೂರಲಿಲ್ಲ. ಸಂಜೆ ಹೊತ್ತು ಮನೆಯಲ್ಲಿ ಹೆಂಗಸರನ್ನು ಕೂರಿಸಿ ಹಾಡು ಕಲಿಸಿದರು. ಒಂದೊಂದು ಲಗ್ನದಲ್ಲಿ ಒಂದೊಂದು ಜಗಳ. ಕೆಲವರು ಅವರನ್ನು ಕರೆಯುವುದನ್ನೇ ಬಿಟ್ಟರು. ಕರೆಯದವರ ಮನೆಯ ಹೆಂಗಸರೂ ಬಂದು ಕಲಿತುಹೋದರು.

ಕಾಲ ಬದಲಾಯಿತು. ಹಿಂದೆ ವಧು ತಲೆಯೆತ್ತಿದರೆ ಗದರುತ್ತಿದ್ದ ಅಪ್ಪಂದಿರು, ಮಾದಾಪುರದ ದುಬಾರಿ ಹಾಲ್‌ಗಳಲ್ಲಿ ಮಗಳು ಕುಣಿಯುತ್ತ ಬಂದರೆ ಮೊಬೈಲ್ ಹಿಡಿದು ನಗುತ್ತಾರೆ. ಇದನ್ನು ಹೇಳಿದಾಗ ನೀಲಕ್ಕ ಕೇಳಿದರು: "ಕುಣೀಲಿ ಬಿಡು, ಚಂದ. ಯಾವ ಹಾಡಿಗೆ ಕುಣೀತಾಳ? ಅದರಾಗ ಏನ್ ಅಂತಾರ?" ನಾನು ಹೇಳಿದೆ. "ಹಂಗಂದ್ರ ಕೆಲಸ ಇನ್ನೂ ಭಾಳ ಐತಿ" ಅಂದರು.

ನನ್ನ ಹಿರಿಯ ಮಗಳ ಲಗ್ನದ ಹೊತ್ತಿಗೆ ಗಂಟಲಿನ ಆಪರೇಷನ್ ಆಗಿ ಅವರ ದನಿ ಹೋಗಿತ್ತು. ಪಿಸುಮಾತು ಮಾತ್ರ ಉಳಿದಿತ್ತು. ಆದರೂ ಶಶಿಕಲಾಳ ತೋಳು ಹಿಡಿದು ಬಂದು ಮುಂದಿನ ಸಾಲಿನಲ್ಲಿ ಕೂತರು. ಹೆಣ್ಣು ಒಪ್ಪಿಸುವಾಗ ಹಾಡು ಶುರು ಮಾಡಿದವಳು ಶಶಿಕಲಾ. ಆ ಸಾಲು ಬಂದಾಗ ಗಂಡಿನ ಕಡೆಯ ಹೆಂಗಸರೂ ದನಿಗೂಡಿಸಿದರು. ನನ್ನ ಬೀಗಿತಿ ನೀಲಕ್ಕನ ಕಡೆ ಬಾಗಿ, "ಹಳೇ ಹಾಡಿನ ಗತ್ತೇ ಬ್ಯಾರೆ, ಅಲ್ರೀ ಅಜ್ಜಿ?" ಎಂದರು.

ನೀಲಕ್ಕ ನನ್ನ ಮುಖ ನೋಡಿದರು. ಹೇಳಬೇಡ ಎಂದು ಕಣ್ಣಲ್ಲೇ ತಡೆದರು. ಆಮೇಲೆ ಪಿಸುಗುಟ್ಟಿದರು: "ಹೂಂನವಾ. ಭಾಳ ಹಳೇದು."

ನಾನು ಅವರನ್ನು ಕಂಡದ್ದು ಅದೇ ಕಡೆಯ ಸಲ. ಮಳೆಗಾಲದಲ್ಲಿ ಹೋಗಿಬಿಟ್ಟರು.

ಈಗ ನನ್ನ ಹತ್ತಿರ ಮೂರು ಆಂಪ್ಲಿಫೈಯರ್, ಹನ್ನೆರಡು ಸ್ಪೀಕರ್, ಒಂದು ಟ್ರಾಲಿ ಆಟೊ, ಎರಡು ಕೋಣೆಯ ಸ್ವಂತ ಮನೆ ಇವೆ. ಒಬ್ಬ ಮಗಳ ಲಗ್ನವಾಗಿದೆ, ಇನ್ನೊಬ್ಬಳದು ಆಗಬೇಕು. ನೀಲಕ್ಕನ ದನಿಯ ಕ್ಯಾಸೆಟ್ ಒಂದೂ ಇಲ್ಲ. ಅವರ ಹಾಡು ಪೂರ್ತಿ ಬರುವ ಹೆಂಗಸರು, ನಮ್ಮ ಓಣಿಯೊಂದರಲ್ಲೇ, ಹನ್ನೊಂದು ಮಂದಿ.