ಪುಕ್ಕಟೆ ಗುಳಿಗೆಗೆ ಹೇಳಬೇಕಾದ ಮಾತು

ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನ ಬಿಳೂರಿನಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಗಂಡ ತೀರಿಕೊಂಡ ಮೇಲೆ ನಾನೇ ನಡೆಸುತ್ತ ಬಂದಿದ್ದೇನೆ. ಗಿರಣಿಯ ಸಪ್ಪಳ ಮೀರಿ ಮಾತಾಡಿ ಮಾತಾಡಿ ನನ್ನ ಗಂಟಲು ಊರಿಗೆಲ್ಲ ಗೊತ್ತು, ಸಿಟ್ಟೂ ಗೊತ್ತು. ಇಂಥ ಹೆಂಗಸಿಗೆ ಮನಸ್ಸಿನ ಬೇನೆ ಬಂದಿದೆ ಎಂದರೆ ಯಾರು ನಂಬಬೇಕು? ನಾನೇ ನಂಬಿರಲಿಲ್ಲ. ಜೋಳ ಬೀಸಿಸಲು ಬಂದವರು "ಆರಾಮ ಅದೀರೇನ್ರಿ" ಎಂದರೆ ಸಾಕು, ಅಳು ಬರುತ್ತಿತ್ತು. ಕಣ್ಣಾಗ ಹಿಟ್ಟ ಬಿತ್ತು ಎಂದು ಸೆರಗಿನಿಂದ ಒರೆಸಿಕೊಳ್ಳುತ್ತಿದ್ದೆ. ಆಮೇಲೆ ನಿದ್ದೆ ಹೋಯಿತು. ಬೆಳಿಗ್ಗೆ ಎದ್ದು ಮೋಟಾರಿನ ಬಟನ್ ಒತ್ತುವುದೂ ಬೇಡವಾಯಿತು.

ಮೊದಲು ಹೋದದ್ದು ವಿಜಯಪುರದ ಖಾಸಗಿ ಡಾಕ್ಟರರ ಬಳಿ. ಕೈಕಾಲು ಮುರಿದರೆ ನಮ್ಮವರು ಮಿರಜ, ಸಾಂಗಲಿಗೆ ಹೋಗುತ್ತಾರೆ, ಮುರಿದದ್ದು ಕಣ್ಣಿಗೆ ಕಾಣುತ್ತದೆ. ನನ್ನದು ಬಾಯಿಬಿಟ್ಟು ಹೇಳಿದರೆ ಮಾತ್ರ ತಿಳಿಯುವ ಬೇನೆ, ಅದಕ್ಕೆ ಕನ್ನಡದ ಡಾಕ್ಟರೇ ಬೇಕೆನಿಸಿತು. ಅವರು ಸಾವಕಾಶವಾಗಿ ಕೇಳಿಸಿಕೊಂಡು ಗುಳಿಗೆ ಬರೆದುಕೊಟ್ಟರು. ದಿನಾ ತಪ್ಪದೆ ನುಂಗಿ ಎಂದರು. ನುಂಗಿದೆ, ಚಲೋ ಆಯಿತು. ಗಿರಣಿಯಲ್ಲಿ ಮತ್ತೆ ಬೈಯತೊಡಗಿದೆ. ಮನೆಯಲ್ಲಿ ಮಗನಿಗೂ ಸೊಸೆಗೂ ಅದು ಬಿ.ಪಿ. ಗುಳಿಗೆ ಎಂದು ಹೇಳಿದ್ದೆ.

ಆದರೆ ಆ ಗುಳಿಗೆ ನನ್ನಂಥವಳಿಗೆ ತುಟ್ಟಿ. ಚಿಠ್ಠಿ ಹಳೆಯದಾದರೆ ಮೆಡಿಕಲ್ ಅಂಗಡಿಯವರು ಕೊಡುವುದಿಲ್ಲ. ಹೊಸ ಚಿಠ್ಠಿಗೆ ಮತ್ತೆ ವಿಜಯಪುರ, ಮತ್ತೆ ಫೀ. ಬಸ್ಸಿನದು ಬೇರೆ ಕತೆ. ಕರ್ನಾಟಕದ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆಯಂತೆ, ಆದರೆ ಆಧಾರ್ ಕಾರ್ಡು ಅಲ್ಲಿಯದಿರಬೇಕು. ನಾನು ಮಾತಾಡುವುದು ಕನ್ನಡ, ನನ್ನ ಆಧಾರ್ ಮಾತಾಡುವುದು ಮರಾಠಿ. ಸರಕಾರದ ಆರೋಗ್ಯ ಕಾರ್ಡೂ ಇತ್ತು, ಅದನ್ನು ಹಿಡಿದುಕೊಂಡು ಜತ್ತದಲ್ಲಿ ವಿಚಾರಿಸಿದೆ. "ಅಡ್ಮಿಟ್ ಆದ್ರ ನಡೀತೈತ್ರಿ, ಆಪರೇಶನ್ ಆದ್ರ ನಡೀತೈತಿ. ದಿನಾ ಮನ್ಯಾಗ ನುಂಗೋ ಗುಳಿಗಿಗೆ ನಡಿಯಾಂಗಿಲ್ಲ" ಎಂದರು. ಹೊಟ್ಟೆ ಕೊಯ್ಸಿಕೊಂಡರೆ ಪುಕ್ಕಟೆ, ಮನಸ್ಸು ಕೆಟ್ಟರೆ ರೊಕ್ಕ. ಕಾರ್ಡನ್ನು ಮತ್ತೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಬಂದೆ.

ಆಗ ನಾನೇ ಒಂದು ಉಪಾಯ ಹೂಡಿದೆ. ನಾನು ಸೋಮವಾರ ಒಪ್ಪತ್ತು ಇರುವವಳು. ಹೊಟ್ಟೆಗೆ ಒಪ್ಪತ್ತು ನಡೆದರೆ ಗುಳಿಗೆಗೆ ಯಾಕೆ ನಡೆಯಬಾರದು? ಒಂದು ದಿನ ಬಿಟ್ಟು ಒಂದು ದಿನ ನುಂಗತೊಡಗಿದೆ. ಆಮೇಲೆ ಮೂರು ದಿನಕ್ಕೊಮ್ಮೆ. ಶ್ರಾವಣ ಬರುವ ಹೊತ್ತಿಗೆ ಪೂರಾ ನಿಂತಿತ್ತು. ಏನೂ ಆಗಲಿಲ್ಲವಲ್ಲ, ಈ ಡಾಕ್ಟರ ಮಂದಿ ಸುಮ್ಮನೆ ಹೆದರಿಸುತ್ತಾರೆ ಎಂದುಕೊಂಡೆ.

ಆ ಶ್ರಾವಣದ ಬಗ್ಗೆ ಬಹಳ ಬರೆಯುವುದಿಲ್ಲ. ಜೀವ ಬೇಡವೆನಿಸಿತು, ಅಷ್ಟೇ. ಒಂದು ಸಲವಲ್ಲ, ದಿನಾ. ಯಾರಿಗೂ ಹೇಳಲಿಲ್ಲ. ದೇವರ ಮುಂದೆ ಕೂತರೂ ಬಾಯಿ ಬರಲಿಲ್ಲ. ಶ್ರಾವಣ ಮುಗಿದ ಮೇಲೆ ಅದು ತುಸು ಹಿಂದೆ ಸರಿಯಿತು, ಬಿಟ್ಟು ಹೋಗಲಿಲ್ಲ. ಮತ್ತೆ ಬಂದರೆ ತಡೆಯಲಾರೆ ಎಂದು ನನಗೆ ಗೊತ್ತಿತ್ತು. ಹೇಗಾದರೂ ಆ ಗುಳಿಗೆ ಮತ್ತೆ ಶುರುವಾಗಬೇಕಿತ್ತು.

ಇಂಥ ಬೇನೆಗೆ ಪುಕ್ಕಟೆ ಔಷಧ ಎಲ್ಲಿ ಸಿಗುತ್ತದೆ ಎಂದು ಕೇಳಿದಾಗ ದಾರಿ ತೋರಿಸಿದವಳು ಗಿರಣಿಗೆ ಬರುವ ಆಶಾ ಕಾರ್ಯಕರ್ತೆ. "ಜತ್ತದ ಸರಕಾರಿ ದವಾಖಾನಿಗೆ ತಿಂಗಳಿಗೊಮ್ಮಿ ಮನಸಿನ ಡಾಕ್ಟರ್ ಬರ್ತಾರ್ರಿ ಕಾಕು. ಗುಳಿಗಿನೂ ಪುಕ್ಕಟ" ಎಂದಳು. ಯಾರ ಸಲುವಾಗಿ ಕೇಳುತ್ತೀರಿ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಒಬ್ಬಳೇ ಹೋದೆ. ಡಾಕ್ಟರು ನನ್ನ ಸೊಸೆಯ ವಯಸ್ಸಿನ ಹೆಣ್ಣುಮಗಳು, ಮರಾಠಿ ಮಾತ್ರ ಬಲ್ಲವಳು. ನನಗೇನು ಮರಾಠಿ ಬರುವುದಿಲ್ಲವೇ? ತಹಸೀಲ ಕಚೇರಿಯಲ್ಲಿ ಜಗಳಾಡುವಷ್ಟು ಬರುತ್ತದೆ, ಲೈಟ್ ಬಿಲ್ಲಿನವನಿಗೆ ನೀರಿಳಿಸುವಷ್ಟು ಬರುತ್ತದೆ. ಅವತ್ತು ಆಕೆಯ ಮುಂದೆ ಕೂತಾಗ ನನ್ನ ಬಾಯಿಂದ ಹೊರಟದ್ದು ಇಷ್ಟೇ: ತಲೆ ನೋಯುತ್ತದೆ, ನಿದ್ದೆ ಬರುವುದಿಲ್ಲ. ಒಳಗಿನ ಸಂಕಟ ಹೇಳುವ ಮರಾಠಿಯನ್ನು ನಾನು ಎಂದೂ ಕಲಿತಿರಲಿಲ್ಲ, ಸಂತೆಯಲ್ಲಿ ಅದು ಬೇಕಾಗುವುದಿಲ್ಲವಲ್ಲ. ವಿಜಯಪುರದ ಚಿಠ್ಠಿ ಮುಂದಿಟ್ಟೆ. ಡಾಕ್ಟರು ನೋಡಿ, ಇದು ಹಳೆಯದು, ಈಗ ನಿಮಗೆ ಹೇಗಿದೆ ಎಂದು ಸರಿಯಾಗಿ ತಿಳಿಯದೆ ಇದನ್ನೇ ಬರೆಯಲಾಗದು ಎಂದರು. ನಿದ್ದೆಗೆಂದು ಏನೋ ಕೊಟ್ಟು, ಮುಂದಿನ ಸಲ ಮನೆಯವರನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಕಳಿಸಿದರು. ನನಗೆ ಸಿಟ್ಟು ಬಂತು. ಆಕೆಯ ಮೇಲಲ್ಲ, ನನ್ನ ಮೇಲೇ.

ಮನೆಯವರೆಂದರೆ ಯಾರು? ಮಗ ಟೆಂಪೊ ಓಡಿಸುತ್ತಾನೆ, ದಾಳಿಂಬೆ ಹೇರಿಕೊಂಡು ಹೋದರೆ ಯಾವಾಗ ಬರುತ್ತಾನೋ. ಉಳಿದವಳು ಸೊಸೆ. ಮಿರಜದ ಕಡೆಯವಳು, ಮರಾಠಿಯಲ್ಲೇ ಬೆಳೆದವಳು. ಕನ್ನಡ ಕಲಿತದ್ದು ನಮ್ಮ ಅಡುಗೆಮನೆಯಲ್ಲಿ, ನನ್ನ ಬೈಗುಳ ಕೇಳಿ ಕೇಳಿ. ಅವಳ ಮುಂದೆ ಅತ್ತೆಯಾಗಿ ಮೆರೆದವಳು ನಾನು. ಈಗ ಅವಳ ಪಕ್ಕದಲ್ಲಿ ರೋಗಿಯಾಗಿ ಕೂಡುವುದೆಂದರೆ ಮರ್ಯಾದೆಯ ಮಾತು. "ತಲಿ ನೋವಿನ ಡಾಕ್ಟರ್ ಹತ್ತಿರ ಹೋಗಬೇಕು, ಬಾ" ಎಂದೆ. ಹೂಂ ಎಂದು ಚಪ್ಪಲಿ ಮೆಟ್ಟಿ ಬಂದಳು. ದವಾಖಾನೆಯ ಆ ಕೋಣೆಯ ಬಾಗಿಲ ಮೇಲೆ ಮನೋರೋಗ ವಿಭಾಗ ಎಂದು ಮರಾಠಿಯಲ್ಲಿ ಬೋರ್ಡು ಇತ್ತು. ಅವಳು ಓದಿದಳು. ನನ್ನ ಹಿಂದೆಯೇ ಒಳಗೆ ಬಂದಳು.

ಡಾಕ್ಟರು ನಿದ್ದೆಯ ಬಗ್ಗೆ ಕೇಳಿದರು, ಕೆಲಸದ ಬಗ್ಗೆ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ, ಸೊಸೆ ಮರಾಠಿಯಲ್ಲಿ ಹೇಳಿದಳು. ಚೆನ್ನಾಗಿಯೇ ನಡೆದಿತ್ತು. ಆಮೇಲೆ ಡಾಕ್ಟರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡುತ್ತ ಕೇಳಿದರು, "ಮಾವಶಿ, ಕಧೀ ಜೀವ ನಕೋಸಾ ವಾಟತೋ ಕಾ?"

ಜೀವ ಬೇಡವೆನಿಸುತ್ತದೆಯೇ ಎಂದು. ಇದು ತಿಳಿಯದಷ್ಟು ಮರಾಠಿ ಬಾರದವಳಲ್ಲ ನಾನು.

ಸೊಸೆ ನನ್ನ ಕಡೆ ತಿರುಗಿದಳು. ಅತ್ತೆಗೆ ಸೊಸೆಯಾದವಳು ಅಂಥ ಮಾತು ಕೇಳುವುದುಂಟೇ? ಕೇಳಿದರೆ ಸಾಯಿ ಎಂದಂತೆ ಆಗುತ್ತದೆ ಎಂದು ಹೆದರಿದಳೋ ಏನೋ. ಸೆರಗು ಸರಿಮಾಡಿಕೊಂಡು ಹೇಳಿದಳು: "ಅತ್ತಿ, ಊಟ ಬ್ಯಾಡ ಅನಸತೈತೇನು ಅಂತ ಕೇಳಾಕತ್ತಾರ್ರಿ."

ನನಗೆ ನಗು ಬಂತು. ಪಾಪ, ಜೀವವನ್ನು ತೆಗೆದು ಅಲ್ಲಿ ಊಟ ಇಟ್ಟಿದ್ದಳು. ಹೌದು, ಊಟ ಸೇರುವುದಿಲ್ಲ ಎಂದರೆ ಮುಗಿಯುತ್ತಿತ್ತು. ಮೂವರ ಮರ್ಯಾದೆಯೂ ಉಳಿಯುತ್ತಿತ್ತು. ನಿದ್ದೆಯ ಗುಳಿಗೆ ತೆಗೆದುಕೊಂಡು ಮಧ್ಯಾಹ್ನದ ಎಸ್.ಟಿ. ಬಸ್ಸಿಗೆ ಬಿಳೂರು ಸೇರುತ್ತಿದ್ದೆವು. ಆಮೇಲೆ ಮತ್ತೊಂದು ಶ್ರಾವಣ. ನನಗೆ ಬದುಕಬೇಕಿತ್ತು. ಇಷ್ಟು ಸ್ಪಷ್ಟವಾಗಿ ಅದು ಗೊತ್ತಾದದ್ದು ಆ ಕುರ್ಚಿಯ ಮೇಲೆ.

"ಊಟದ ಮಾತಲ್ಲ ಬೇ," ಎಂದೆ. "ಅವರು ಕೇಳಿದ್ದು ನನಗ ತಿಳೀತು. ಹೌದು ಅಂತ ಹೇಳು. ಶ್ರಾವಣದಾಗ ದಿನಾ ಅನಸತಿತ್ತು, ಯಾರಿಗೂ ಹೇಳಿಲ್ಲ ಅಂತ ಹೇಳು. ಗುಳಿಗಿ ನಾನೇ ಬಿಟ್ಟಿದ್ದೆ ಅಂತನೂ ಹೇಳು. ಒಂದೂ ಬಿಡಬ್ಯಾಡ."

ಫೋನಿನಲ್ಲಿ ತವರಿನವರ ಜೊತೆ ಅವಳು ಮರಾಠಿ ಮಾತಾಡಿದರೆ ಮಳೆ ಸುರಿದಂತೆ. ಅವತ್ತು ಒಂದೊಂದೇ ಮಾತು ಹೊರಬಿತ್ತು. ಆದರೆ ಈ ಸಲ ಯಾವುದನ್ನೂ ಬದಲಿಸಲಿಲ್ಲ. ನಾನು ಕಿವಿಗೊಟ್ಟು ಕೇಳುತ್ತಿದ್ದೆ. ನನ್ನದೇ ಸಂಕಟ, ಇನ್ನೊಬ್ಬಳ ಬಾಯಲ್ಲಿ, ನಾನು ಹೇಳಲಾರದೆ ಹೋದ ಭಾಷೆಯಲ್ಲಿ. ಡಾಕ್ಟರು ಇನ್ನೂ ಒಂದಿಷ್ಟು ಕೇಳಿ, ವಿಜಯಪುರದ ಚಿಠ್ಠಿಯಲ್ಲಿದ್ದ ಔಷಧವನ್ನೇ ಬರೆದರು. ಹಾಗೆ ಅನಿಸಿದರೆ ತಿಂಗಳು ಕಾಯದೆ ಬನ್ನಿ, ಒಬ್ಬರೇ ಇರಬೇಡಿ ಎಂದು ನನಗೆ ಹೇಳಿದರು. ಗುಳಿಗೆ ನಿಮ್ಮ ಕೈಯಲ್ಲಿರಲಿ, ನೀವೇ ದಿನಾ ಕೊಡಿ ಎಂದು ಸೊಸೆಗೆ ಹೇಳಿದರು.

ಔಷಧದ ಕಿಟಕಿಯಲ್ಲಿ ತಿಂಗಳ ಗುಳಿಗೆ ಸಿಕ್ಕಿತು. ಹೊದಿಕೆ ಬೇರೆ, ಔಷಧ ಅದೇ, ರೊಕ್ಕ ಕೇಳಲಿಲ್ಲ. ಸೊಸೆ ಅದನ್ನು ತನ್ನ ಪರ್ಸಿಗೆ ಹಾಕಿಕೊಂಡಳು. ಇಬ್ಬರೂ ಬಸ್ ಸ್ಟ್ಯಾಂಡಿಗೆ ನಡೆದೆವು. ನನಗೆ ನಾಚಿಕೆಯಾಗಿತ್ತು, ನಾಚಿಕೆಯಾದಾಗ ನಾನು ಬೈಯುತ್ತೇನೆ.

"ಗಂಡಗ ಹೇಳಿಗೀಳೀ ಮತ್ತ," ಎಂದು ಗದರಿದೆ.

"ನೀವು ಬ್ಯಾಡ ಅಂದ್ರ ಹೇಳಾಂಗಿಲ್ರಿ," ಎಂದಳು. ಆಮೇಲೆ ತಾನೇ ಕೇಳಿದಳು, "ಅತ್ತಿ, ಶ್ರಾವಣದಾಗ ಪಂಚಮಿಗೆ ನಮ್ಮಣ್ಣ ಕರಿಲಾಕ ಬಂದಿದ್ದ. ನಾ ಹೋಗಲಿಲ್ಲ. ನೆನಪೈತೇನ್ರಿ?"

ನೆನಪಿತ್ತು. ಅಣ್ಣ ಬಾಗಿಲಿಗೆ ಬಂದರೂ ಪಂಚಮಿಗೆ ತವರಿಗೆ ಹೋಗದೆ ಉಳಿದ ಹೆಣ್ಣುಮಗಳನ್ನು ನಾನು ಅದೇ ಮೊದಲು ಕಂಡದ್ದು. ಅಣ್ಣತಂಗಿಯರ ನಡುವೆ ಏನೋ ಇರಬೇಕು, ನನಗ್ಯಾಕೆ ಎಂದು ಆಗ ಸುಮ್ಮನಿದ್ದೆ.

"ನೀವು ಬಿ.ಪಿ. ಗುಳಿಗಿ ಅಂದಿದ್ರಿ. ನಾ ಹೆಂಗ ಕೇಳಲಿ?" ಎಂದಳು, ನನ್ನ ಮುಖ ನೋಡದೆ. "ನಿಮ್ಮನ್ನ ಒಬ್ಬರನ್ನ ಬಿಟ್ಟು ಹೋಗಾಕ ಹೆದರಿಕಿ ಬಂತ್ರಿ. ಅದಕ ಉಳದೆ."