ವಿಯೆನ್ನಾದಲ್ಲಿ ಠೂ ಬಿಟ್ಟ ದಿನ

ವಿಯೆನ್ನಾಕ್ಕೆ ಹೋಗಿ ಬಂದವರು ಅರಮನೆಯ ಬಗ್ಗೆ ಹೇಳುತ್ತಾರೆ, ಸಂಗೀತದ ಬಗ್ಗೆ ಹೇಳುತ್ತಾರೆ. ನನಗೆ ಹೇಳಲಿಕ್ಕಿರುವುದು ಒಂದು ಟಿಶ್ಯೂ ಪ್ಯಾಕೆಟ್ಟು ಮತ್ತು ನನ್ನ ಗಂಡನ ತುಟಿಗಳ ಬಗ್ಗೆ.

ಆಗ ನಾವು ಸಿಂಗಪುರದ ಟ್ಯಾಂಪಿನೀಸ್‌ನಲ್ಲಿ ಬಾಡಿಗೆಗೆ ಇದ್ದೆವು. ಗಂಡನ ಆಫೀಸು ಚಾಂಗಿ ಕಡೆ. ಸೈಕಲ್ಲಿನಲ್ಲಿ ಹೋಗಿ, ಬೆವರು ಆರುವಷ್ಟರಲ್ಲಿ ಕಾಫಿ ಕುಡಿದು ಕುರ್ಚಿ ಹಿಡಿಯುವ ಸುಖಜೀವಿ ಅವನು. ನನಗೆ ಆಗಷ್ಟೇ ಯಿಶುನ್‌ನಲ್ಲಿ, ಆಸ್ಪತ್ರೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ಸಿಂಗಪುರ ಅಂಗೈಯಗಲದ ದೇಶ ಅನ್ನುವವರು ದಿನಾ ಬೆಳಿಗ್ಗೆ ಟ್ಯಾಂಪಿನೀಸ್‌ನಿಂದ ಯಿಶುನ್‌ಗೆ ಬಸ್ಸು, ಎಂಆರ್‌ಟಿ ರೈಲು ಬದಲಾಯಿಸಿಕೊಂಡು ಹೋಗಿ ನೋಡಬೇಕು. ಮನೆಯ ಅಗ್ರಿಮೆಂಟು ಮುಗಿಯುತ್ತಾ ಬಂದಿತ್ತು. ಅದನ್ನೇ ಮುಂದುವರಿಸುವುದೋ, ಯಿಶುನ್‌ಗೆ ಶಿಫ್ಟ್ ಆಗುವುದೋ ಎಂಬ ಜಗಳವನ್ನು ಏರ್‌ಪೋರ್ಟಿನಲ್ಲೇ ಬಿಟ್ಟು ಹೋಗೋಣ ಅಂತ ಮಾತಾಗಿತ್ತು. ಜಗಳಕ್ಕೆ ವೀಸಾ ಬೇಕಿಲ್ಲವಲ್ಲ, ಅದೂ ನಮ್ಮ ಜೊತೆ ಯುರೋಪು ನೋಡಲು ಬಂತು.

ವಿಯೆನ್ನಾದಲ್ಲಿ ನಮಗಿದ್ದದ್ದು ಒಂದೇ ದಿನ. ಬೆಳಿಗ್ಗೆ ಹೋಟೆಲಿನಲ್ಲಿ ಬ್ರೆಡ್ಡಿಗೆ ಜಾಮ್ ಸವರುತ್ತಿದ್ದಾಗ ಮನೆ ಏಜೆಂಟಿನ ಮೆಸೇಜು ಬಂತು. ನಾಳೆಯೊಳಗೆ ತಿಳಿಸಿ, ಬೇರೆಯವರು ಕೇಳುತ್ತಿದ್ದಾರೆ ಅಂತ.

"ರಿನ್ಯೂ ಮಾಡ್ಬಿಡೋಣ ಕಣೆ. ಯಿಶುನ್ ಅಂದ್ರೆ ಉತ್ತರದ ತುದಿ, ಆಲ್ಮೋಸ್ಟ್ ಮಲೇಷಿಯಾ," ಅಂದ ಗಂಡ.

"ಅಂದ್ರೆ ನನ್ನನ್ನ ದಿನಾ ಮಲೇಷಿಯಾಕ್ಕೆ ಕಳಿಸ್ತೀಯ. ನೀನು ಮಾತ್ರ ಸೈಕಲ್ಲಲ್ಲಿ ಗಾಳಿ ಕುಡ್ಕೊಂಡು ಹೋಗ್ತೀಯ."

"ಅಡ್ಜಸ್ಟ್ ಆಗುತ್ತೆ ಬಿಡು."

"ಹೋಗೋ, ನಿನ್ನ ಜೊತೆ ಠೂ!"

ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಹೆಂಡತಿ ಸ್ಕೂಲ್ ಹುಡುಗಿಯ ಹಾಗೆ ಠೂ ಬಿಟ್ಟದ್ದು ಕೇಳಿ ಅವನ ಕಣ್ಣು ಮಿಂಚಿತು. "ಬೆಟ್? ಯಾರು ಮೊದಲು ಮಾತಾಡ್ತಾರೋ ಅವರು ಸೋತ ಹಾಗೆ. ಗೆದ್ದೋರು ಹೇಳಿದ ಕಡೆ ಮನೆ." ಮೈಸೂರಿನವಳಾದ ನನ್ನ ಬಾಯಿ ಮಧ್ಯಾಹ್ನದವರೆಗೂ ಸುಮ್ಮನಿರುವುದಿಲ್ಲ ಅಂತ ಅವನಿಗೆ ಅಷ್ಟು ಭರವಸೆ. ನಾನು ತುಟಿಗೆ ಬೀಗ ಹಾಕಿದಂತೆ ಮಾಡಿ ಕೀಲಿಯನ್ನು ಅವನ ಕಾಫಿಯೊಳಗೆ ಹಾಕಿದೆ.

ಹೋಟೆಲಿನ ಬಾಗಿಲು ದಾಟುವಾಗಲೇ ನನಗೆ ಮೊದಲ ಪರೀಕ್ಷೆ ಎದುರಾಯಿತು. ಚಳಿಗೆಂದು ಕೊಂಡಿದ್ದ ಅವನ ಹೊಸ ಜಾಕೆಟ್ಟಿನ ಬೆನ್ನಿನಲ್ಲಿ ಅಂಗಡಿಯ ಚೀಟಿ ಇನ್ನೂ ನೇತಾಡುತ್ತಿತ್ತು. ಹೇಳಬೇಕಾದರೆ ಬಾಯಿ ಬಿಡಬೇಕು. ಬಾಯಿ ಬಿಟ್ಟರೆ ಟ್ಯಾಂಪಿನೀಸ್. ಕೈಯಿಂದ ಕಿತ್ತು ಹಾಕಬಹುದಿತ್ತು, ನಿಜ. ಆದರೆ ಠೂ ಅಂದ ಮೇಲೆ ಮುಟ್ಟುವುದು ಹೇಗೆ? ಹೀಗಾಗಿ ನನ್ನ ಗಂಡ ವಿಯೆನ್ನಾ ನಗರವನ್ನು 'ಅರ್ಧ ಬೆಲೆ' ಅನ್ನುವ ಕೆಂಪು ಚೀಟಿಯೊಂದಿಗೆ ನೋಡಿದ. ಎದೆಯುಬ್ಬಿಸಿಕೊಂಡೇ ನೋಡಿದ.

ಅರಮನೆಯಲ್ಲಿ ವಿವರಣೆ ಹೇಳುವ ಯಂತ್ರವನ್ನು ಇಬ್ಬರ ಕಿವಿಗೂ ಕೊಟ್ಟರು. ಚಕ್ರವರ್ತಿ ಎಷ್ಟು ಹೊತ್ತಿಗೆ ಏಳುತ್ತಿದ್ದ, ರಾಣಿ ಕೂದಲು ಬಾಚಿಸಿಕೊಳ್ಳಲು ಎಷ್ಟು ಹೊತ್ತು ಕೂರುತ್ತಿದ್ದಳು ಎಲ್ಲ ಹೇಳಿತು. ಇಬ್ಬರಿಗೂ ಬೇರೆ ಬೇರೆ ಮಲಗುವ ಕೋಣೆ ಇತ್ತು ಅನ್ನುವುದು ಬಂದಾಗ ನಾನು ಗಂಡನತ್ತ ತಿರುಗಿ ಹುಬ್ಬು ಹಾರಿಸಿದೆ. ಅವನು ಆ ಕೋಣೆಯ ಮಂಚದ ಅಗಲವನ್ನು ಕಣ್ಣಲ್ಲೇ ಅಳೆದು, ಪರವಾಗಿಲ್ಲ, ಆರಾಮಾಗಿ ಮಲಗಬಹುದು ಅನ್ನುವಂತೆ ತಲೆಯಾಡಿಸಿದ.

ಹೊರಗೆ ಬಂದವನೇ ಸುಟ್ಟ ಚೆಸ್ಟ್‌ನಟ್ ಕೊಂಡ. ಕಾಗದದ ಪೊಟ್ಟಣದಿಂದ ಒಂದೊಂದನ್ನೇ ತೆಗೆದು, ಸಿಪ್ಪೆ ಬಿಡಿಸಿ, ನನ್ನ ಮೂಗಿನ ಹತ್ತಿರ ಹಿಡಿದು, ಆಮೇಲೆ ತನ್ನ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಿದ್ದ. 'ನಂಗೂ ಕೊಡೋ' ಎಂಬ ಎರಡು ಪದಗಳು ನನ್ನ ನಾಲಿಗೆಯ ತುದಿಗೆ ಬಂದಿದ್ದವು. ನಾನು ಪೊಟ್ಟಣವನ್ನೇ ಕಿತ್ತುಕೊಂಡೆ. ಹಿಂದೆ ಬರುತ್ತಿದ್ದ ಇಬ್ಬರು ಹುಡುಗಿಯರು ಅವನ ಬೆನ್ನಿನ ಚೀಟಿ ಓದಿ ಕಿಸಕ್ಕನೆ ನಕ್ಕರು. ಅವನು ತನ್ನನ್ನು ಮೆಚ್ಚಿದರೆಂದು ತಿಳಿದು ಕೂದಲು ಸರಿಮಾಡಿಕೊಂಡ. ಆ ಗಳಿಗೆಯಲ್ಲಿ ಸುಮ್ಮನಿರಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು.

ಕಾಲು ಸೋತು ಟ್ರಾಮ್ ಸ್ಟಾಪಿನ ಎದುರಿಗಿದ್ದ ಕೆಫೆಗೆ ಹೋದೆವು. ಒಂದೇ ಒಂದು ಮೇಜು ಖಾಲಿ ಇತ್ತು. ಕೇಕುಗಳನ್ನು ಆಚೆ ಗಾಜಿನ ಪೆಟ್ಟಿಗೆಯಲ್ಲಿ ನೋಡಿ ಆರಿಸಬೇಕು. ನಾನು ಯೋಚನೆಯನ್ನೂ ಮಾಡದೆ ಬ್ಯಾಗಿನಿಂದ ಟಿಶ್ಯೂ ಪ್ಯಾಕೆಟ್ ತೆಗೆದು ಮೇಜಿನ ಮೇಲೆ ಇಟ್ಟೆ. ಗಂಡ, ಠೂ ಇದ್ದರೂ, ಮೆಚ್ಚುಗೆಯಿಂದ ತಲೆಯಾಡಿಸಿದ. ಸಿಂಗಪುರದಲ್ಲಿ ಹಾಕರ್ ಸೆಂಟರ್ ಅನ್ನುವ ಊಟದಂಗಡಿಗಳ ಸಾಲಿನಲ್ಲಿ ಎಲ್ಲರೂ ಮಾಡುವುದೇ ಇದು. ಊಟ ತರಲು ಹೋಗುವ ಮುಂಚೆ ಮೇಜಿನ ಮೇಲೊಂದು ಟಿಶ್ಯೂ ಪ್ಯಾಕೆಟ್ ಇಟ್ಟರೆ ಆ ಮೇಜು 'ಚೋಪ್' ಆದ ಹಾಗೆ, ಎಂಥ ಹಸಿದವನೂ ಅದರ ತಂಟೆಗೆ ಬರುವುದಿಲ್ಲ. ಬಸ್ಸಿನ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದು ಬೆಳೆದ ನಮ್ಮಂಥವರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿರಲಿಲ್ಲ.

ಕೇಕು ಆರಿಸಿ, ಕಾಫಿಯನ್ನೂ ಹಿಡಿದುಕೊಂಡು ಬಂದು ನೋಡಿದರೆ ನಮ್ಮ ಮೇಜಿನಲ್ಲಿ ಉಣ್ಣೆ ಟೋಪಿಯ ಅಜ್ಜಿಯೊಬ್ಬರು ಕೂತಿದ್ದರು. ನಮ್ಮ ಚೋಪನ್ನು ಬಿಚ್ಚಿ, ಟಿಶ್ಯೂ ಮೇಲೆ ಟಿಶ್ಯೂ ತೆಗೆದು, ಕಹಳೆ ಊದಿದಂತೆ ಮೂಗು ಸೀಟುತ್ತಿದ್ದರು. ಪ್ಯಾಕೆಟ್ಟು ನನ್ನದೆಂದು ನನ್ನ ಮುಖ ನೋಡಿ ಗೊತ್ತಾಯಿತೇನೋ, ಎದೆಯ ಮೇಲೆ ಕೈಯಿಟ್ಟು "ಡಾಂಕೆ, ಡಾಂಕೆ" ಅಂದು ಅದನ್ನು ನನಗೆ ವಾಪಸ್ಸು ಕೊಟ್ಟರು. ಒಳಗೆ ಒಂದೇ ಒಂದು ಟಿಶ್ಯೂ ಉಳಿದಿತ್ತು. ಆಮೇಲೆ ಎದುರಿನ ಎರಡು ಕುರ್ಚಿ ತೋರಿಸಿ ನಮ್ಮ ಮೇಜಿಗೆ ನಮ್ಮನ್ನೇ ಕರೆದರು. ಕೂತು ಗುಟುಕು ಹಾಕಿದ ಗಂಡನ ಮೂಗಿನಿಂದ ಕಾಫಿ ಬಂತು. ನಾನು ಶಾಲಿನ ತುದಿ ಕಚ್ಚಿಕೊಂಡೆ. ಒಬ್ಬರ ಮುಖ ಒಬ್ಬರು ನೋಡಿದರೆ ಮುಗಿದೇ ಹೋಯಿತೆಂದು, ಇಬ್ಬರೂ ಕೇಕನ್ನೇ ನೋಡುತ್ತಾ ತಿಂದು ಎದ್ದೆವು.

ಆ ನಗು ಇನ್ನೂ ಹೊಟ್ಟೆಯಲ್ಲಿರುವಾಗಲೇ ಟ್ರಾಮ್ ಬಂತು. ಗಂಡ ಮುಂದಿನ ಬಾಗಿಲಿಗೆ ಓಡಿದ. ನಾನು ಬಿಂಕದಿಂದ ಹಿಂದಿನ ಬಾಗಿಲಿಗೆ ಹೋದೆ. ಎಂಆರ್‌ಟಿಯಲ್ಲಿ ನಿಲ್ಲುವ ಹಾಗೆ, ಇಳಿಯುವವರಿಗೆ ದಾರಿ ಬಿಟ್ಟು ಪಕ್ಕಕ್ಕೆ ನಿಂತು, ಬಾಗಿಲು ತೆರೆಯಲಿ ಅಂತ ಕಾದೆ. ಅದು ತೆರೆಯಲಿಲ್ಲ. ಅಲ್ಲಿ ಬಾಗಿಲಿನ ಗುಂಡಿಯನ್ನು ನಾವೇ ಒತ್ತಬೇಕು ಎಂದು ನನಗೆ ಹೊಳೆಯುವಷ್ಟರಲ್ಲಿ ಟ್ರಾಮ್ ಹೊರಟಿತ್ತು.

ಗಂಡ ಒಳಗಿನಿಂದ ಗಾಜಿಗೆ ಅಂಟಿಕೊಂಡ. ಅಂಗೈ ತೋರಿಸಿ ಅಲ್ಲೇ ಇರು ಅಂದ. ಆಮೇಲೆ ಬಾಯಿ ದೊಡ್ಡದು ಮಾಡಿ ಏನೋ ಕೂಗಿದ. ಗಾಜು ಸದ್ದನ್ನು ನುಂಗಿತು. ತುಟಿ ಮಾತ್ರ ಕಂಡಿತು. ಮೊದಲು ಅಗಲವಾಗಿ, ಆಮೇಲೆ ಮುಂದಕ್ಕೆ ಚೂಪಾಗಿ. ಮತ್ತೆ ಅಗಲ, ಮತ್ತೆ ಚೂಪು. ಯಿ-ಶುನ್. ಯಿ-ಶುನ್. ಸೋತೆ, ಯಿಶುನ್ನೇ ಆಗಲಿ, ನೀನು ಮಾತ್ರ ಎಲ್ಲಿಗೂ ಹೋಗಬೇಡ! ಸ್ಟಾಪಿನಲ್ಲಿದ್ದವರಿಗೆ ಕಂಡದ್ದು ಒಬ್ಬ ಮನುಷ್ಯ ಗಾಜಿನಾಚೆಯಿಂದ ಹುಚ್ಚನಂತೆ ಮುತ್ತು ಕೊಡುತ್ತಾ ಹೋಗುತ್ತಿರುವುದು. ಪಕ್ಕದ ಹೆಂಗಸು ನನ್ನತ್ತ ನೋಡಿ ನಕ್ಕಳು. ನನಗೂ ನಗು ಬಂತು.

ಟ್ರಾಮ್ ತಿರುವಿನಲ್ಲಿ ಮರೆಯಾದ ಮೇಲೆ ಆ ನಗು ನಿಂತಿತು. ಫೋಟೋ ತೆಗೆದೂ ತೆಗೆದೂ ನನ್ನ ಫೋನು ಸತ್ತಿತ್ತು. ಪಾಸ್‌ಪೋರ್ಟು ಅವನ ಹತ್ತಿರ. ಹೋಟೆಲಿನ ಹೆಸರು ಗೂಡ್ಸ್ ಗಾಡಿಯಷ್ಟು ಉದ್ದ, ಎಂಜಿನ್ನು ಕೂಡ ನೆನಪಿರಲಿಲ್ಲ. ನನಗೆ ಹೆದರಿಕೆಯಾಯಿತು. ಬೆಳಿಗ್ಗೆಯಿಂದ ಅವನ ದನಿ ಕೇಳಿಲ್ಲ ಅನ್ನುವುದು ಆಗ ಹೊಳೆದು ಇನ್ನಷ್ಟು ಹೆದರಿಕೆಯಾಯಿತು. ಸ್ಟಾಪಿನ ಬೆಂಚಿನಲ್ಲಿ ಕೂತು, ಪಕ್ಕದ ಜಾಗದಲ್ಲಿ ಆ ಟಿಶ್ಯೂ ಪ್ಯಾಕೆಟ್ಟನ್ನು ಇಟ್ಟೆ. ಯಾಕೆ ಇಟ್ಟೆನೋ, ಇಟ್ಟ ಮೇಲೆ ಸ್ವಲ್ಪ ಧೈರ್ಯ ಬಂತು. ಕೋಲು ಹಿಡಿದ ಮುದುಕರೊಬ್ಬರು ಕೂರಲು ಬಂದರು. ಗಾಬರಿಯಲ್ಲಿ ಇಂಗ್ಲಿಷೂ ಮರೆತು "ಜನ ಇದಾರೆ, ಬರ್ತಾರೆ" ಅಂದುಬಿಟ್ಟೆ. ಪಾಪ, ಅವರು ಏನೂ ಕೇಳದೆ ನನ್ನ ಇನ್ನೊಂದು ಪಕ್ಕದಲ್ಲಿ ಕೂತರು.

ಕೊನೆಗೂ ಅವನು ಕಾಣಿಸಿದ. ಮುಂದಿನ ಸ್ಟಾಪಿನಲ್ಲಿ ಇಳಿದು ಓಡಿ ಬಂದಿದ್ದ. ಏದುಸಿರು, ಕೆಂಪಾದ ಮುಖ, ಬೆನ್ನಿನ ಚೀಟಿ ಗಾಳಿಗೆ ಹಾರಿ ಹೆಗಲ ಮೇಲೆ ಬಂದು ಕೂತಿತ್ತು.

"ಬಂದ್ಯಾ? ಕೂತ್ಕೊ, ಸೀಟು ಹಿಡಿದಿದೀನಿ," ಅಂದೆ.

ಅವನು ಟಿಶ್ಯೂ ಪ್ಯಾಕೆಟ್ಟನ್ನು ನೋಡಿದ. ನನ್ನನ್ನು ನೋಡಿದ. ಅವನ ಮುಖವೆಲ್ಲ ಅರಳಿತು. ನಾಲ್ಕು ಜನರ ಮುಂದೆ ನಮ್ಮ ಮೈಸೂರು ಕಡೆಯ ಕನ್ನಡವನ್ನೇ ಆಡುವ ನನ್ನ ಗಂಡ, ಖುಷಿ ಹೆಚ್ಚಾದರೆ ಮಾತ್ರ ತನ್ನ ಗದಗಿಗೆ ವಾಪಸ್ಸಾಗುತ್ತಾನೆ.

"ಸೋತಿ! ನೀನ ಮೊದಲ ಮಾತಾಡಿದಿ! ಟ್ಯಾಂಪಿನೀಸ್!"

"ಆಹಾ! ಟ್ರಾಮಲ್ಲಿ ಯಿಶುನ್ ಯಿಶುನ್ ಅಂತ ಬಡ್ಕೊಂಡಿದ್ದು ಯಾರು?"

"ಯಾರಂದ್ರು? ನಿನಗ ಕೇಳಿಸ್ತೇನು?"

ಕೇಳಿಸಿರಲಿಲ್ಲ.

"ನಾ ಆಕಳಿಸ್ಲಿಕ್ಹತ್ತಿದ್ದೆ," ಅಂದ. ಉಳಿದಿದ್ದ ಒಂದೇ ಟಿಶ್ಯೂವಿನಿಂದ ಹಣೆ ಒರೆಸಿಕೊಂಡು, ನಾನು ಹಿಡಿದಿಟ್ಟ ಜಾಗದಲ್ಲಿ ಕೂತ. ಕೂತವನು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ಆ ರಾತ್ರಿ ಏಜೆಂಟಿಗೆ ಮೆಸೇಜು ಕಳಿಸಿದವನು ಅವನೇ. ಏನು ಬರೆದೆ ಅಂದರೆ ಹೇಳಲಿಲ್ಲ. ಸಿಂಗಪುರಕ್ಕೆ ಬಂದ ಮೇಲೆ ನಮ್ಮ ಕಟ್ಟಡದ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ ಅವನು ಖಾಲಿ ರಟ್ಟಿನ ಪೆಟ್ಟಿಗೆ ಆರಿಸುತ್ತಿದ್ದದ್ದು ನೋಡಿಯೇ ನನಗೆ ಗೊತ್ತಾದದ್ದು.

ಯಿಶುನ್‌ನ ಮನೆಯಿಂದ ನನ್ನ ಆಫೀಸಿಗೆ ನಡೆದೇ ಹೋಗಬಹುದು. ಅವನು ನನಗಿಂತ ಎಷ್ಟೋ ಮುಂಚೆ ಎದ್ದು, ಇನ್ನೂ ಕತ್ತಲಿರುವಾಗಲೇ ಚಾಂಗಿ ಕಡೆ ಹೊರಡುತ್ತಾನೆ. ವಿಯೆನ್ನಾದಲ್ಲಿ ನಿಜವಾಗಿ ಏನಂದೆ ಅಂತ ಈಗಲೂ ಕೇಳುತ್ತೇನೆ. ಆಕಳಿಸುತ್ತಿದ್ದೆ ಅನ್ನುತ್ತಾನೆ. ನಾನು ಬಾಲ್ಕನಿಯಲ್ಲಿ ನಿಂತು ನೋಡುತ್ತೇನೆ. ಕೆಳಗೆ ಬಸ್ ಸ್ಟಾಪಿನ ದೀಪದಡಿ ಬ್ಯಾಗು ಹಾಕಿಕೊಂಡು ನಿಂತ ನನ್ನ ಗಂಡ, ಈಗ ನಿಜವಾಗಿಯೂ, ದೊಡ್ಡದಾಗಿ ಬಾಯಿ ತೆರೆದು ಆಕಳಿಸುತ್ತಿರುತ್ತಾನೆ.