ಅಪ್ಪನನ್ನು ಒರೆಸಿ ಬರೆದ ವಾಕ್ಯ

ಮಗಳ ಇಂಗ್ಲಿಷ್ ವರ್ಕ್‌ಬುಕ್ಕಿನಲ್ಲಿ ಇವತ್ತು 'ಡೆಲ್ವ್' ಎಂಬ ಪದ ಕಂಡಿತು. ಅಗೆ, ಆಳಕ್ಕಿಳಿದು ಹುಡುಕು ಎಂದು ಅರ್ಥ. ತಂಬ್ರಹಳ್ಳಿಯ ಹೈಸ್ಕೂಲಿನಲ್ಲಿ ನಮ್ಮ ಮೇಷ್ಟ್ರು ಇದೇ ಪದವನ್ನು ಬೋರ್ಡಿನ ಮೇಲೆ ಬರೆದು, ಸ್ವಂತ ವಾಕ್ಯ ಮಾಡಿಕೊಂಡು ಬನ್ನಿ ಎಂದಿದ್ದರು.

ಅಪ್ಪ ಬಾವಿ ತೋಡುವವನು. ತಳದಲ್ಲಿ ಹಸಿ ಮಣ್ಣು ಸಿಕ್ಕರೆ ಚಿಟಿಕೆಯಷ್ಟು ನಾಲಿಗೆಗೆ ಹಚ್ಚಿ, ನೀರು ಸಿಹಿಯೋ ಸವಳೋ ಎಂದು ಮೊದಲೇ ಹೇಳಿಬಿಡುತ್ತಿದ್ದ. ಅದರದೊಂದು ಹೆಂಟೆಯನ್ನು ಟವೆಲ್ಲಿನಲ್ಲಿ ಕಟ್ಟಿ ತಂದು ನನ್ನ ನಾಲಿಗೆಗೂ ಮುಟ್ಟಿಸುತ್ತಿದ್ದ. ಆ ಸಂಜೆಯೂ ತಂದಿದ್ದ. ಓದು ಬಾರದಿದ್ದರೂ ದಿನದಂತೆ ಕೇಳಿದ: "ಇವತ್ತೇನು ಬರ್ದಿ, ಯವ್ವಾ?"

"ವಿಜ್ಞಾನಿ ಪುಸ್ತಕದಾಗ ಆಳಕ್ಕಿಳಿದು ಹುಡುಕ್ತಾನ ಅಂತ."

"ಇಳಿಯಾಕ ಅವಂಗೂ ಹಗ್ಗ ಬೇಕೇನು?"

"ಇಲ್ಲಪ್ಪಾ, ಕುರ್ಚಿ ಮ್ಯಾಲ ಕುಂತಿರ್ತಾನ."

"ಹಂಗಾರ ಚಲೋ ಕೆಲಸ ಬಿಡು," ಎಂದು ನಕ್ಕು ಹೆಂಟೆ ಚಾಚಿದ. "ಇದನ್ನ ನೋಡು, ಸಿಹಿ ಐತಿ."

ಕೈ ಮಣ್ಣಾಗತೈತಿ, ಒಲ್ಲೆ ಎಂದೆ. ಅವನು ಅದನ್ನು ಮತ್ತೆ ಟವೆಲ್ಲಿಗೆ ಕಟ್ಟಿಕೊಂಡ. ಆಮೇಲೆ ಎಂದೂ ತರಲಿಲ್ಲ. ವಾಕ್ಯದಲ್ಲಿ ಮೊದಲು ಬರೆದದ್ದು ಅಪ್ಪನನ್ನೇ, ಗೆಳತಿಯರು ನಕ್ಕಾರೆಂದು ಒರೆಸಿದೆ ಎಂಬುದನ್ನು ನಾನೂ ಹೇಳಲಿಲ್ಲ. ಅವನು ಹೋಗಿ ವರ್ಷಗಳಾದವು.

"ನಿಮ್ಮಜ್ಜ ಬಾವಿ ತೋಡ್ತಿದ್ದ. ಅವನ ಮ್ಯಾಲೇ ಒಂದು ವಾಕ್ಯ ಬರಿ," ಎಂದೆ ಮಗಳಿಗೆ.

ಅವಳು ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದಳು.

"ಅಜ್ಜ ಮೇಷ್ಟ್ರಾಗಿದ್ರು ಅಂತ ನೀನೇ ಹೇಳಿದ್ದಿಯಲ್ಲ, ಮಮ್ಮೀ?"